ಕುರ್ಚಿಯನ್ನು ಕೇಳುವ ಸರ್

ಯಾರ ಮನೆಗೆ ಹೋದರೂ ಕೂರುವ ಮುಂಚೆ ಕುರ್ಚಿಯ ಮೇಲೆ ಒಮ್ಮೆ ತೋರುಬೆರಳು ಎಳೆದು ನೋಡುವ ಚಾಳಿ ನನಗಿದೆ. ನನ್ನ ಹೆಂಡತಿಗೆ ಇದರಿಂದ ಆದ ಅವಮಾನ ಅಷ್ಟಿಷ್ಟಲ್ಲ. ಬೀಗರ ಮನೆಯಲ್ಲಿ ಒಮ್ಮೆ ಹೀಗೆ ಮಾಡಿದಾಗ ಬೀಗಿತ್ತಿ ಒಳಗೆ ಹೋಗಿ ಒದ್ದೆ ಬಟ್ಟೆ ತಂದರು, ಇಡೀ ಪಡಸಾಲೆ ಒರೆಸಿದರು, ಆಮೇಲೆಯೇ ನಮಗೆ ನೀರು ಕೊಟ್ಟರು. ಅವರ ಮನೆ ಹೊಲಸಾಗಿದೆ ಎಂದು ನಾನು ಅಂದಿರಲಿಲ್ಲ. ಆ ಕುರ್ಚಿಯಲ್ಲಿ ಯಾರಾದರೂ ಕೂರುತ್ತಾರೋ ಇಲ್ಲವೋ ತಿಳಿಯುವ ಆಸೆ, ಅಷ್ಟೇ. ಈ ಚಾಳಿಯನ್ನು ನನಗೆ ಅಂಟಿಸಿದವರು ಶಹಾಬಾದಿನ ನಮ್ಮ ಅರ್ಥಶಾಸ್ತ್ರದ ಸರ್. ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಚಿಂಚೋಳಿಯಲ್ಲಿದ್ದ ನನಗೆ ತಲುಪಿತು. ಸ್ಟಾಫ್ ರೂಮಿನಲ್ಲಿ ಪಕ್ಕದ ಖಾಲಿ ಕುರ್ಚಿಯ ಮೇಲೆ ನನ್ನ ಬೆರಳು ತಾನಾಗಿಯೇ ಹೋಯಿತು.

ಶಹಾಬಾದಿನಲ್ಲಿ ಇದ್ದು ಬಂದವರಿಗೆ ಧೂಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಲ್ಲು ಕೊಯ್ಯುವವರು ಒಂದು ಕಡೆ, ಉಜ್ಜಿ ನುಣುಪು ಮಾಡುವವರು ಇನ್ನೊಂದು ಕಡೆ, ಲಾರಿಗಳು ಎಲ್ಲ ಕಡೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಊರೆಲ್ಲ ಆ ಧೂಳನ್ನು ಬೈಯುತ್ತಿತ್ತು. ಸರ್ ಒಬ್ಬರೇ ಅದನ್ನು ದೇವರು ಕೊಟ್ಟ ಸವಲತ್ತು ಎಂದು ತಿಳಿದಿದ್ದರು. ಬೇರೆ ಊರವರಿಗೆ ಅಂಕಿ ಅಂಶ ಬೇಕಾದರೆ ಇಲಾಖೆ ಬೇಕು, ನೌಕರರು ಬೇಕು. ನಮಗೆ ಅದು ಮೇಲಿನಿಂದ ಪುಕ್ಕಟೆ ಉದುರುತ್ತದೆ ಎನ್ನುತ್ತಿದ್ದರು.

ನಾನು ಸೇಡಂ ಕಡೆಯವನು. ಕನ್ನಡ ಪಾಠ ಹೇಳಲು ಆ ಕಾಲೇಜಿಗೆ ಹೊಸದಾಗಿ ಬಂದಿದ್ದೆ. ಮೊದಲ ದಿನವೇ ಅವರು ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಶಾಸ್ತ್ರವನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ತಮ್ಮಾ, ಮಂದಿ ಬಾಯಿಲೆ ಏನ್ ಹೇಳ್ತಾರ ಅದು ಬಿಡು. ಕುಂಡಿ ಎಲ್ಲಿ ಊರ್ತಾರ ನೋಡು. ಬಾಯಿ ಕೇಳಬ್ಯಾಡ, ಕುರ್ಚಿ ಕೇಳು."

ಉದ್ದನೆಯ ಮನುಷ್ಯ. ಬಾಗಿಲು ಎಷ್ಟೇ ಎತ್ತರವಿದ್ದರೂ ತಲೆ ತಗ್ಗಿಸಿಯೇ ಒಳಗೆ ಬರುವ ರೂಢಿ. ಬಿಳಿ ಪೈಜಾಮ, ಮೇಲೆ ಬೇಸಿಗೆಯಲ್ಲೂ ಒಂದು ಕರಿ ಕೋಟು. ಬಲಗೈಯ ತೋರುಬೆರಳಿನ ತುದಿ ಸದಾ ಬೂದಿ ಬಣ್ಣ. ಊಟಕ್ಕೆ ಕೂತಾಗ ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಆ ಒಂದು ಬೆರಳನ್ನು ಮಾತ್ರ ಇನ್ನೊಮ್ಮೆ ತೊಳೆಸುತ್ತಿದ್ದರು. ವೈನಿಯದು ಭಾಳ ಮಡಿಯ ಸ್ವಭಾವ. ಹೊರಗಿನ ನೀರೂ ಮುಟ್ಟದವರು. ಡಾಕ್ಟರು ಸರ್‌ಗೆ ಎದೆಯುರಿಯ ಕಾರಣಕ್ಕೆ ಕರಿದ ಪದಾರ್ಥ ಬಂದ್ ಮಾಡಿಸಿದ ಮೇಲಂತೂ ಮನೆಯಲ್ಲಿ ಎಣ್ಣೆಯ ಡಬ್ಬಿ ವೈನಿಯ ತಲೆಯ ಹತ್ತಿರವೇ ಮಲಗುತ್ತಿತ್ತಂತೆ. ಸರ್ ಹೇಳಿದ್ದು, ಉತ್ಪ್ರೇಕ್ಷೆ ಎಷ್ಟೋ ಗೊತ್ತಿಲ್ಲ.

ನಮ್ಮ ಪ್ರಿನ್ಸಿಪಾಲರಿಗೆ ಒಂದು ಅಭಿಮಾನವಿತ್ತು. ತಮ್ಮ ಕೋಣೆಯ ಬಾಗಿಲು ಸದಾ ತೆರೆದಿರುತ್ತದೆ, ಹುಡುಗರು ಧೈರ್ಯವಾಗಿ ಬಂದು ಎದುರಿಗೆ ಕೂತು ಕಷ್ಟ ಸುಖ ಹೇಳಿಕೊಳ್ಳುತ್ತಾರೆ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಒಂದು ಸಭೆಯಲ್ಲಿ ಸರ್ ಎದ್ದು, ಪ್ರಿನ್ಸಿಪಾಲರ ಎದುರಿನ ಕುರ್ಚಿಯ ಮೇಲೆ ಬೆರಳೆಳೆದು, ಆ ಬೆರಳನ್ನು ಎಲ್ಲರಿಗೂ ತೋರಿಸಿ ಕೂತರು. ಮರುದಿನದಿಂದ ಆ ಕುರ್ಚಿ ಮೂರು ಹೊತ್ತೂ ಒರೆಸಿದಂತೆ ಥಳಥಳ. ಸರ್‌ಗೆ ಅದೂ ಸಾಕಾಗಲಿಲ್ಲ. ಕುರ್ಚಿ ಈಗ ಸ್ವಚ್ಛ ಅದ, ಖರೇ, ಆದರೆ ನೆಲದ ಧೂಳಿನಲ್ಲಿ ಅಲ್ಲಿವರೆಗೆ ಹೋದದ್ದು ಒರೆಸುವವನ ಬರಿಗಾಲು ಮಾತ್ರ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಲೈಬ್ರರಿಯಲ್ಲಿ ಯಾರೂ ಎತ್ತಲಾರದಷ್ಟು ದಪ್ಪನೆಯ ಒಂದು ಪುಸ್ತಕವಿತ್ತು. ಸುತ್ತಲಿನ ಪುಸ್ತಕಗಳ ಮೇಲೆ ಕಲ್ಲಿನ ಹಿಟ್ಟು ಹಾಸಿಗೆಯಂತೆ ಬಿದ್ದಿದ್ದರೆ ಅದರ ಮೇಲೆ ಮಾತ್ರ ಚೂರೂ ಇಲ್ಲ. ನಮ್ಮಲ್ಲಿ ಇಂಥ ವಿದ್ವಾಂಸರು ಯಾರು ಎಂದು ಎಲ್ಲರೂ ಒಬ್ಬರನ್ನೊಬ್ಬರು ಗೌರವದಿಂದ ನೋಡತೊಡಗಿದೆವು. ಸರ್ ಹೋಗಿ ಪುಸ್ತಕ ಹೊರಗೆಳೆದರು. ಹಿಂದೆ ಪ್ಯೂನನ ತಂಬಾಕಿನ ಚೀಲ ಇತ್ತು.

ಇದೆಲ್ಲದರಲ್ಲಿ ಸರ್‌ದೇ ಶಾಸ್ತ್ರ ಗೆಲ್ಲುತ್ತಿತ್ತು ಎಂದುಕೊಳ್ಳಬೇಡಿ. ತಿನ್ನುತ್ತ ಹೋದಂತೆ ಒಂದೊಂದು ತುತ್ತಿನ ಸುಖವೂ ಹಿಂದಿನದಕ್ಕಿಂತ ಕಡಿಮೆಯಾಗುತ್ತದೆ ಎಂಬ ನಿಯಮವನ್ನು ಕಲಿಸಲು ಒಮ್ಮೆ ಅವರು ಕ್ಲಾಸಿಗೆ ಒಂದು ಬುಟ್ಟಿ ಬಿಸಿ ಮಿರ್ಚಿ ಭಜಿ ತರಿಸಿದರು. ಚಿತ್ತಾಪುರ ಕಡೆಯ ಒಬ್ಬ ದಷ್ಟಪುಷ್ಟ ವಿದ್ಯಾರ್ಥಿಯನ್ನು ಮುಂದೆ ನಿಲ್ಲಿಸಿ, ಒಂದೊಂದು ತಿಂದಾದ ಮೇಲೂ ಹ್ಯಾಂಗದ ಎಂದು ಕೇಳಿದರು. ಅವನು ಪ್ರತಿ ಸಲವೂ, ಮೊದಲಿನಕಿಂತ ಚಲೋ ಅದರಿ ಸರ್, ಎಂದ. ಬುಟ್ಟಿ ಬರಿದಾಯಿತು, ಗಂಟೆ ಹೊಡೆಯಿತು. ಸರ್ ಬೋರ್ಡು ಒರೆಸುತ್ತ, ನಿಯಮ ಬರೋಬ್ಬರಿ ಅದ, ಮಿರ್ಚಿ ಕಮ್ಮಿ ಬಿತ್ತು ಎಂದರು.

ಆ ಮಿರ್ಚಿ ಬಂದದ್ದು ನೀಲಮ್ಮನ ಅಂಗಡಿಯಿಂದ. ಸರ್ ಎಂದರೆ ನನಗೆ ನೆನಪಾಗುವುದೆಲ್ಲ ಕೊನೆಗೆ ಆ ಅಂಗಡಿಗೇ ಹೋಗಿ ನಿಲ್ಲುತ್ತದೆ.

ಕಾಲೇಜಿನ ಎದುರು ಕಲ್ಲು ನಿಲ್ಲಿಸಿ ಮೇಲೆ ತಗಡು ಹೊದಿಸಿದ ಅಂಗಡಿ. ಮುಂದೆ ರಸ್ತೆಗೆ ಮುಖವಾಗಿ ಉದ್ದನೆಯ ಕಲ್ಲಿನ ಬೆಂಚು, ಅದರ ಮುಂದೆ ಒಂದು ಬೇವಿನ ಮರ. ನೀಲಮ್ಮ ಒಬ್ಬಂಟಿ. ಗಂಡ ತೀರಿದ ಮೇಲೆ ಅವಳು ಆ ಕಡಾಯಿಯನ್ನು ನಂಬಿಕೊಂಡೇ ಬದುಕಿದವಳು. ಆ ವರ್ಷ, ರೈಲ್ವೆ ಗೇಟಿನ ಹತ್ತಿರ ನಿಲ್ಲುತ್ತಿದ್ದ ಚಿತ್ತಾಪುರ, ವಾಡಿ, ಸೇಡಂ ಬಸ್ಸುಗಳೆಲ್ಲ ಅವಳ ಬೆಂಚಿನ ಎದುರಿಗೇ ನಿಲ್ಲತೊಡಗಿದವು. ಊರವರೆಲ್ಲ, ನಿನ್ನ ನಸೀಬು ತೆರೀತು ಅಕ್ಕ ಎಂದರು. ಅವಳೂ ನಂಬಿ ದೊಡ್ಡ ಕಡಾಯಿ ತಂದಳು. ಆಮೇಲೆ ನೋಡಿದರೆ ವ್ಯಾಪಾರ ದಿನದಿನಕ್ಕೆ ಇಳಿಯಿತು. ಬೆಂಚು ಖಾಲಿ. ಅದೇ ಸುಮಾರಿಗೆ ಪಕ್ಕದಲ್ಲಿ ಕುರ್ಚಿ, ಫ್ಯಾನು, ಗೋಡೆಗನ್ನಡಿ ಇದ್ದ ಹೊಸ ಹೋಟೆಲೊಂದು ಶುರುವಾಗಿತ್ತು. ಅವರ ಮಿರ್ಚಿಯಲ್ಲಿ ಹಿಟ್ಟು ಒಂದು ದಾರಿ, ಮೆಣಸಿನಕಾಯಿ ಒಂದು ದಾರಿ. ಆದರೂ ಮಂದಿ ಅಲ್ಲೇ.

ನೀಲಮ್ಮ ಒಬ್ಬೊಬ್ಬರನ್ನೂ ತಡೆದು ಕೇಳಿದಳು. ಎಲ್ಲರೂ, ನಿಮ್ಮ ಮಿರ್ಚಿ ಮುಂದೆ ಅದು ಏನು ಎಂದು ಹೊಗಳಿ, ಹೊಗಳುತ್ತಲೇ ಆ ಹೋಟೆಲಿಗೆ ಹೋದರು. ಚಿಂಚೋಳಿ ಕಡೆಯ ಹಳ್ಳಿಯಲ್ಲಿದ್ದ ಅವಳ ಅಣ್ಣನಿಗೆ ಸುದ್ದಿ ಮುಟ್ಟಿತು. ಜೋಳದ ರಾಶಿ ಮುಗಿದ ಮೇಲೆ ಬಂದು ಸಾಮಾನು ಸಮೇತ ಕರೆದೊಯ್ಯುತ್ತೇನೆ ಎಂದು ಹೇಳಿ ಕಳಿಸಿದ.

"ಅಣ್ಣನ ಮನ್ಯಾಗ ಅನ್ನಕ್ಕ ಕಮ್ಮಿ ಇಲ್ರಿ ಸರ್," ಎಂದಳು ನೀಲಮ್ಮ. "ಆದ್ರ ಅಲ್ಲಿ ನಂಗ ಉಣ್ಣು ಅಂತ ಅವರು ಹೇಳ್ಬೇಕು. ಇಲ್ಲಿ ನಾ ಮಂದಿಗಿ ಹೇಳ್ತೀನಿ."

ಅಂಗಡಿ ಮುಚ್ಚಿದರೆ ತಮ್ಮ ಅಧ್ಯಯನ ನಿಂತುಹೋಗುತ್ತದೆ ಎಂದು ಸರ್ ದಾರಿಯಲ್ಲಿ ನನಗೆ ಹೇಳಿದರು. ಅವರು ಅಲ್ಲಿಗೆ ತಿನ್ನಲು ಹೋಗುತ್ತಿರಲಿಲ್ಲ. ಡಾಕ್ಟರ ಕಟ್ಟಪ್ಪಣೆ ಇತ್ತಲ್ಲ. ಮಂದಿಯ ನಡವಳಿಕೆಯನ್ನು ಅಧ್ಯಯನ ಮಾಡಲು ಹೋಗುತ್ತಿದ್ದರು. ಅಧ್ಯಯನದ ಹೊತ್ತಿನಲ್ಲಿ ಕೈಗೆ ಒಂದೆರಡು ಮಿರ್ಚಿ ಬರುತ್ತಿದ್ದವು, ಅದು ಬೇರೆ ವಿಷಯ.

ಮರುದಿನ ಬೆಳಿಗ್ಗೆ, ಇನ್ನೂ ಒರೆಸಿರದ ಹೊತ್ತು ನೋಡಿ, ನನ್ನನ್ನು ಕರೆದುಕೊಂಡು ಹೊಸ ಹೋಟೆಲಿಗೆ ನುಗ್ಗಿದರು. ಬೆರಳಿನಿಂದ ಒಂದೊಂದು ಕುರ್ಚಿಯನ್ನೂ ಕೇಳಿದರು. ಬಾಗಿಲಿಗೆ ಮುಖವಿದ್ದ ಕುರ್ಚಿಗಳ ಮೇಲೆ ಧೂಳೇ ಧೂಳು. ಒಳಗೋಡೆಯ ಕನ್ನಡಿಗೆ ಮುಖವಿದ್ದವು ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ. ಸರ್ ಕನ್ನಡಿಯ ಮುಂದೆ ನಿಂತು, ತಮ್ಮ ಮುಖ ನೋಡಿಕೊಂಡು, ಮೀಸೆ ತಿದ್ದಿಕೊಂಡು, ಸಿಕ್ಕಿತು ಎಂದರು. ಮನುಷ್ಯನಿಗೆ ಮಿರ್ಚಿಗಿಂತ ತನ್ನ ಮಾರಿ ರುಚಿ. ನೀಲಮ್ಮನಿಗೂ ಒಂದು ಕನ್ನಡಿ ಬೇಕು.

ಅಷ್ಟು ದೊಡ್ಡ ಕನ್ನಡಿ ತಕ್ಷಣಕ್ಕೆ ಸಿಗುವುದು ಎಲ್ಲಿ? ಸರ್ ತಮ್ಮ ಮನೆಯ ಗೋಡೆಯದನ್ನೇ ಇಳಿಸಿದರು. ಚೌಕಟ್ಟು ಸಡಿಲಾಗಿದೆ, ರಿಪೇರಿಗೆ ಕೊಡುತ್ತೇನೆ ಎಂದು ವೈನಿಗೆ ಹೇಳಿದರಂತೆ. ನಾನೂ ಅವರೂ ಅದನ್ನು ಚಾದರದಲ್ಲಿ ಸುತ್ತಿ, ಹೆಣ ಹೊತ್ತವರಂತೆ ಸಂದಿಗೊಂದಿಗಳಲ್ಲಿ ಹೊತ್ತು ತಂದೆವು. ಬೆಂಚಿನ ಎದುರು ಬೇವಿನ ಮರಕ್ಕೆ, ಕೂತವರ ಮುಖಕ್ಕೆ ಸರಿಯಾಗಿ ಬಿಗಿದೆವು.

ಮೊದಲ ದಿನ ಜಾತ್ರೆ. ಚಿತ್ತಾಪುರದ ಬಸ್ಸು ಇಳಿದವರು, ವಾಡಿ ಬಸ್ಸು ಹತ್ತುವವರು, ನಮ್ಮ ಕಾಲೇಜಿನ ಹುಡುಗರು, ಎಲ್ಲರೂ ಕಿಸೆಯಿಂದ ಹಣಿಗೆ ತೆಗೆದು ಸಾಲುಗಟ್ಟಿದರು. ತಲೆ ಬಾಚಿಕೊಂಡರು, ಹೋದರು. ಮಿರ್ಚಿ ಯಾರೂ ಕೇಳಲಿಲ್ಲ. ಎರಡನೆಯ ದಿನ ನಾಲ್ಕಾರು ಜನ ಧೈರ್ಯ ಮಾಡಿ ಬೆಂಚಿನ ಮೇಲೆ ಕೂತು ತಿಂದರು. ಮಿರ್ಚಿ ತಿನ್ನುವಾಗ ಮನುಷ್ಯ ಹೇಗಿರುತ್ತಾನೆ ಎಂದು ಅವರು ಅದುವರೆಗೆ ಕಂಡಿರಲಿಲ್ಲ. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು, ಉಸ್ ಉಸ್ ಎಂದು ತೆರೆದ ಬಾಯಿ, ತುಟಿಯ ತುಂಬ ಎಣ್ಣೆ. ಒಬ್ಬನಂತೂ ಅರ್ಧ ಮಿರ್ಚಿಯನ್ನು ಕಾಗದದಲ್ಲಿ ಹಾಗೇ ಬಿಟ್ಟು ತಲೆ ತಗ್ಗಿಸಿಕೊಂಡು ಎದ್ದು ಹೋದ.

"ಸರ್ರ," ಎಂದಳು ನೀಲಮ್ಮ, ಹಿಟ್ಟಿನಿಂದ ಯಾರದೋ ಕೂದಲು ಎಳೆದು ತೆಗೆಯುತ್ತ. "ನಂದು ಮಿರ್ಚಿ ಅಂಗಡಿನೋ, ಕಟಿಂಗ್ ಅಂಗಡಿನೋ, ಅದೊಂದು ಹೇಳಿಬಿಡ್ರಿ."

ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಸರ್‌ಗೆ ತಪ್ಪು ಸಿಕ್ಕರೆ ಖುಷಿ. ಕನ್ನಡಿ ಬಿಚ್ಚಿಸಿ ಮನೆಗೆ ಸಾಗಿಸಿ, ಮತ್ತೆ ಹೊಸ ಹೋಟೆಲಿಗೆ ಹೋದರು. ಈ ಸಲ ಎಲ್ಲರಂತೆ ಚಹಾ ತರಿಸಿ, ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತರು. ನನ್ನನ್ನೂ ಎಳೆದು ಪಕ್ಕದಲ್ಲಿ ಕೂರಿಸಿದರು. ಆ ಕನ್ನಡಿ ಮೇಲೆ ಎತ್ತರದಲ್ಲಿ ಮುಂದಕ್ಕೆ ವಾಲಿಕೊಂಡಿತ್ತು. ಕೂತವರಿಗೆ ಅದರಲ್ಲಿ ತಮ್ಮ ಮುಖ ಕಾಣುತ್ತಲೇ ಇರಲಿಲ್ಲ. ಬೆನ್ನ ಹಿಂದಿನ ಬಾಗಿಲು ಕಾಣುತ್ತಿತ್ತು, ಬಾಗಿಲಾಚೆಯ ರಸ್ತೆ ಕಾಣುತ್ತಿತ್ತು, ಬಸ್ಸಿನಿಂದ ಯಾರು ಇಳಿಯುತ್ತಿದ್ದಾರೆ ಎಂಬುದು ಒಬ್ಬೊಬ್ಬರಾಗಿ ಕಾಣುತ್ತಿತ್ತು. ಸರ್ ಅವತ್ತು ನಿಂತು ನೋಡಿದ್ದರು. ಮಂದಿ ಕೂತು ನೋಡುತ್ತಿದ್ದರು.

ಅಲ್ಲಿಂದ ಎದ್ದವರೇ ನೀಲಮ್ಮನ ಅಂಗಡಿಯ ಹಿಂದಕ್ಕೆ ನಡೆದರು. ಅಲ್ಲಿ ಯಾರೋ ಬಿಟ್ಟುಹೋದ ಒಡಕು ಹಾಸುಗಲ್ಲುಗಳ ರಾಶಿ, ಜಾಲಿಮುಳ್ಳು, ಬಿಸಿಲು. ಮುಂದಿನ ಬೆಂಚಿನ ಮೇಲೆ ಆಗಲೇ ಮತ್ತೆ ಧೂಳು ಕೂತಿದ್ದರೆ ಈ ರಾಶಿಯ ಮೇಲೆ ಅಲ್ಲಲ್ಲಿ ಕೂತೆದ್ದ ಗುರುತು. ಎಣ್ಣೆಗಾಗದದ ಚೂರುಗಳು ಸುತ್ತ ಬಿದ್ದಿದ್ದವು. ಎಲ್ಲರಿಂದ ದೂರ ಒಂದು ಮೂಲೆಯಲ್ಲಿ ಮಾತ್ರ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಂದು ಹರಳುಕಲ್ಲಿನ ಕೆಳಗೆ ಇಟ್ಟಿದ್ದರು. ಇದು ಯಾರೋ ಭಾಳ ಶಿಸ್ತಿನ ಮನುಷ್ಯ, ತಹಸೀಲ್ ಆಫೀಸಿನವನೇ ಇರಬೇಕು ಎಂದು ಸರ್ ತೀರ್ಮಾನಿಸಿದರು.

ವಿಷಯ ಇಷ್ಟೇ ಆಗಿತ್ತು. ನೀಲಮ್ಮನ ಮಿರ್ಚಿ ಯಾರಿಗೂ ಬೇಡವಾಗಿರಲಿಲ್ಲ. ಮೊದಲು ಆ ಬೆಂಚಿನ ಮೇಲೆ ಕೂತು ತಿಂದರೆ ಬೇವಿನ ಮರದ ಕಾಗೆ ಮಾತ್ರ ನೋಡುತ್ತಿತ್ತು. ಈಗ ಬಸ್ಸಿಗೆ ಬಸ್ಸೇ ನೋಡುತ್ತದೆ. ಅದರಲ್ಲಿ ಮಾವ ಇರುತ್ತಾನೆ, ಕಾಕಾ ಇರುತ್ತಾನೆ, ಹೊರಗೆ ತಿನ್ನುವುದಿಲ್ಲ ಎಂದು ನಾವು ಯಾರ ಮುಂದೆ ಆಣೆ ಮಾಡಿದ್ದೆವೋ ಅವರು ಕಿಟಕಿ ಪಕ್ಕದಲ್ಲೇ ಇರುತ್ತಾರೆ. ಎಲ್ಲರೂ ನಸೀಬು ಎಂದ ಬಸ್‌ಸ್ಟಾಪೇ ವ್ಯಾಪಾರವನ್ನು ನುಂಗಿತ್ತು.

ನಮ್ಮ ಕಡೆ ಬಚ್ಚಲಿಗೆ, ಹಿತ್ತಲಿಗೆ ಹಾಸುಗಲ್ಲು ನಿಲ್ಲಿಸಿ ಮರೆ ಮಾಡುವುದು ಹೊಸದೇನಲ್ಲ. ಬಚ್ಚಲಿಗೆ ಮಾಡುವ ಆ ಮರೆಯನ್ನು ಸರ್ ಮಿರ್ಚಿಗೆ ಮಾಡಿಸಿದರು. ಹಿಂದಿದ್ದ ಒಡಕು ಕಲ್ಲುಗಳನ್ನೇ ತಂದು ಬೆಂಚಿನ ಮುಂದೆ ಸಾಲಾಗಿ ಹೂಳಿಸಿದರು. ನಡುವೆ ಒಂದು ಸಂದು ಬಿಡಿಸಿದರು. ಒಳಗಿನವರಿಗೆ ಬಸ್ಸು ಕಾಣಬೇಕು, ಬಸ್ಸಿನವರಿಗೆ ಒಳಗಿನವರು ಕಾಣಬಾರದು; ಅದಕ್ಕೆ ಎಷ್ಟು ಅಗಲ ಎಂದು ನನ್ನನ್ನು ರಸ್ತೆಯಲ್ಲಿ ಆ ಕಡೆ ಈ ಕಡೆ ಓಡಾಡಿಸಿ ನೋಡಿದರು.

ಜೋಳದ ರಾಶಿ ಮುಗಿಯಿತು. ಹೇಳಿದಂತೆ ನೀಲಮ್ಮನ ಅಣ್ಣ ಬಂದ, ಚಿಂಚೋಳಿ ಕಡೆ ಹೋಗುವ ಕಲ್ಲಿನ ಲಾರಿಯೊಂದನ್ನು ಮಾತಾಡಿಕೊಂಡು. ಸಂಜೆಯ ಹೊತ್ತು. ಲಾರಿಯಿಂದಿಳಿದು ನೋಡಿದರೆ ಅಂಗಡಿಯ ಮುಂದೆ ಒಂದು ನರಪಿಳ್ಳೆಯಿಲ್ಲ, ಸಾಲಾಗಿ ಕಲ್ಲು ನಿಂತಿವೆ. ಗೋರಿ ಕಟ್ಟಿದಂತಿದೆ ಎಂದುಕೊಂಡನೋ ಏನೋ, ಕಣ್ಣೊರೆಸಿಕೊಂಡ. ನೀಲಮ್ಮ ಬಾಯಿ ತೆರೆಯುವಷ್ಟರಲ್ಲಿ ಕಡ್ಲಿ ಹಿಟ್ಟಿನ ಡಬ್ಬಿ ಎತ್ತಿ ಹೆಗಲಿಗೇರಿಸಿದ.

"ಸಾಕ್ ಬಿಡು ತಂಗಿ. ನೋಡಿದೆಲ್ಲ, ಒಂದ್ ಪಿಳ್ಳಿ ಬರವಲ್ದು. ಯಾರಿಗಂತ ಮಿರ್ಚಿ ಕರೀತಿ ಇನ್ನ?"

ಕಲ್ಲಿನ ಆಚೆಯಿಂದ ಒಂದು ಗಂಭೀರ ಧ್ವನಿ ಕೇಳಿತು.

"ಏ, ಆ ಡಬ್ಬಿ ಇಳಸೋ ಮಾರಾಯಾ. ನನ್ನವು ಎರಡು ಇನ್ನಾ ಬರೋದದ."

ಅಣ್ಣ ಡಬ್ಬಿ ಹೊತ್ತುಕೊಂಡೇ ಕಲ್ಲು ದಾಟಿ ಇಣುಕಿದ. ಬೆಂಚಿನ ತುಂಬ ಜನ, ನೆಲದ ಮೇಲೆ ಜನ, ಎಲ್ಲರೂ ಕಣ್ಣಲ್ಲಿ ನೀರು ಸುರಿಸುತ್ತ ತಲೆ ತಗ್ಗಿಸಿ ತಿನ್ನುತ್ತಿದ್ದರು. ಧ್ವನಿ ನಮ್ಮ ಪ್ರಿನ್ಸಿಪಾಲರದು. ಹೊರಗಿನ ಎಣ್ಣೆ ತಮಗೆ ಆಗುವುದಿಲ್ಲ ಎಂದು ಅದೇ ವಾರ ಸಭೆಯಲ್ಲಿ ಹೇಳಿದ್ದರು. ಅವರ ಎಡಕ್ಕೆ ಮೂವರು ವಿದ್ಯಾರ್ಥಿಗಳು ಕೂತು ಧೈರ್ಯವಾಗಿ ಕಷ್ಟ ಸುಖ ಹೇಳಿಕೊಳ್ಳುತ್ತಿದ್ದರು. ಅಣ್ಣ ಡಬ್ಬಿ ಇಳಿಸಿದ. ಅವನಿಗೂ ಜಾಗ ಮಾಡಿಕೊಟ್ಟರು. ಲಾರಿ ಬರಿದಾಗಿಯೇ ಹೋಗಬೇಕಾಯಿತು, ಅದರ ಡ್ರೈವರೂ ತಿಂದ ಮೇಲೆ.

ಆ ಗದ್ದಲದಲ್ಲೇ ಇನ್ನೊಂದು ಬದಿಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡು ಒಬ್ಬರು ಒಳಗೆ ಬಂದರು. ನೀಲಮ್ಮ ಏನೂ ಕೇಳದೆ, ರೂಢಿಯಂತೆ, ಎರಡು ಮಿರ್ಚಿಯ ಮೇಲೆ ಜಾಸ್ತಿ ಉಳ್ಳಾಗಡ್ಡಿ ಹಾಕಿ ಕೊಟ್ಟಳು. ಅವರು ಸೆರಗು ಸರಿಸಿದಾಗ ನಾನೂ ಸರ್ರೂ ಒಟ್ಟಿಗೆ ನೋಡಿದೆವು. ವೈನಿ. ಸರ್ ಕೈಯಲ್ಲಿ ಅರ್ಧ ತಿಂದ ಮಿರ್ಚಿ ಇತ್ತು.

"ನಾ ಅಧ್ಯಯನಕ್ಕ ಬಂದೀನಿ," ಎಂದರು ಸರ್.

"ಹೌದ್ರಿ?" ಎಂದರು ವೈನಿ, ಪಕ್ಕದಲ್ಲಿ ಕೂರುತ್ತ. "ರಿಪೇರಿಗಿ ಕೊಟ್ಟ ಕನ್ನಡಿ ಗಿಡಕ್ಕ ನೇತಾಡ್ಲಿಕತ್ತಿತ್ತು. ಅವತ್ತು ಹಿಂದಿನ ಕಲ್ಲ ಮ್ಯಾಲ ಕುಂತೇ ನೋಡೀನಿ."

ಆಮೇಲೆ ಇಬ್ಬರೂ ತಿಂದರು. ಮುಗಿದ ಮೇಲೆ ವೈನಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಂದು ಹರಳುಕಲ್ಲಿನ ಕೆಳಗೆ ಇಟ್ಟರು. ಸರ್ ಆ ಕಾಗದವನ್ನೇ ನೋಡುತ್ತ ಕೂತರು. ಊರಿನ ಎಲ್ಲ ಕುರ್ಚಿಗಳನ್ನು ಕೇಳಿದವರು ತಮ್ಮ ಮನೆಯವರನ್ನು ಒಂದು ಮಾತು ಕೇಳಿರಲಿಲ್ಲ. ದಾರಿಯಲ್ಲಿ ನಾನು ತಹಸೀಲ್ ಆಫೀಸಿನ ಮಾತು ತೆಗೆದೆ. ಶಿಸ್ತಿನ ಮನುಷ್ಯ ಅಂದಿದ್ದು ಬರೋಬ್ಬರಿನೇ ಅದ ಬಿಡು ಎಂದು ನಕ್ಕರು.

ಅಂದಿನಿಂದ ಇಬ್ಬರೂ ಕೂಡಿಯೇ ಬರುತ್ತಿದ್ದರು. ಕೂಡಿ ಎಂದರೆ, ಅವರು ಕಾಲೇಜಿನ ಕಡೆಯಿಂದ, ಇವರು ಮನೆಯ ಕಡೆಯಿಂದ. ಮನೆಯಲ್ಲಿ ಎಣ್ಣೆಯ ಡಬ್ಬಿಯ ಕಾವಲು ಹಾಗೇ ಮುಂದುವರಿದಿತ್ತು. ಸರ್ ನಿವೃತ್ತರಾದರು, ನನಗೆ ವರ್ಗವಾಯಿತು. ಅವರು ಹೋದದ್ದು ಎದೆಯುರಿಯಿಂದಲ್ಲ, ಚಳಿಗಾಲದ ಒಂದು ಜ್ವರದಿಂದ.

ಸುದ್ದಿ ಕೇಳಿ ನಾನು ಶಹಾಬಾದಿಗೆ ಮಾತಾಡಿಸಲು ಹೋದಾಗ ವೈನಿ ಪಡಸಾಲೆಯಲ್ಲಿ ಕೂತಿದ್ದರು. ಗೋಡೆಯ ಮೇಲೆ ಅದೇ ಕನ್ನಡಿ ಇತ್ತು. ನಾನು ಎಲ್ಲೂ ಹೊರಗ ಹೋಗಂಗಿಲ್ಲ ತಮ್ಮಾ, ಬಾಯಿಗೆ ಏನೂ ಸೇರವಲ್ದು ಎಂದರು. ನಾನು ಹೂಂ ಅಂದೆ, ಚಹಾ ಕುಡಿದೆ, ಎದ್ದೆ.

ಸಂಜೆಯ ಬಸ್ಸಿಗೆ ಹೊತ್ತಿತ್ತು. ನೀಲಮ್ಮನ ಅಂಗಡಿಗೆ ಹೋದೆ. ಅವಳ ಕೂದಲು ಬೆಳ್ಳಗಾಗಿದೆ, ಕಡಾಯಿ ಅದೇ. ಕಲ್ಲಿನ ಸಾಲಿನ ಹೊರಮೈ ಧೂಳಿನಿಂದ ಬೂದಿಯಾಗಿತ್ತು, ಒಳಮೈ ಮಂದಿ ಕೈಯೊರೆಸಿ ಒರೆಸಿ ಪಾಲಿಶ್ ಮಾಡಿದಂತೆ ಹೊಳೆಯುತ್ತಿತ್ತು. ಬೆಂಚಿನ ತುದಿಯಲ್ಲಿ ಸರ್ ಕೂರುತ್ತಿದ್ದ ಜಾಗದ ಮೇಲೆ ಬೆರಳು ಎಳೆದೆ. ಬೆರಳಿಗೆ ಏನೂ ಹತ್ತಲಿಲ್ಲ. ಪಕ್ಕದಲ್ಲಿ ಒಂದು ಹರಳುಕಲ್ಲು, ಅದರ ಕೆಳಗೆ ನಾಲ್ಕು ಮಡಿಕೆಯ ಕಾಗದ.

ಇಲ್ಲಿ ಈಗ ಯಾರು ಕೂರುತ್ತಾರೆ ಎಂದು ನೀಲಮ್ಮನನ್ನು ಕೇಳಿದೆ.

"ನಾ ಹೇಳಂಗಿಲ್ರಿ," ಎಂದಳು. "ಈ ಕಲ್ಲು ನಿಲ್ಸಿದ್ದೇ ಅದಕ್ಕಲ್ಲೇನು?" ಎರಡು ಮಿರ್ಚಿ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, ಸಂದಿನಲ್ಲಿ ಒಮ್ಮೆ ಹೊರಗೆ ನೋಡಿದಳು. "ಜರಾ ಲಗೂನ ಏಳ್ರಿ. ಆ ಕಡಿಲಿಂದ ಹೋಗ್ರಿ."

ನಾನೂ ಸಂದಿನಲ್ಲಿ ನೋಡಿದೆ. ಬಸ್ಸೊಂದು ಹೋಗುವವರೆಗೆ ಕಾದು, ತಲೆಯ ಮೇಲೆ ಸೆರಗು ಎಳೆದುಕೊಂಡು ವೈನಿ ರಸ್ತೆ ದಾಟುತ್ತಿದ್ದರು. ಒಂದು ಕೈಯಲ್ಲಿ ಬಿಸಿ ಮಿರ್ಚಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಕಿಸೆಯಲ್ಲಿ ಇಟ್ಟುಕೊಂಡು, ನಾನು ಆ ಬದಿಯಿಂದ ಹೊರಟೆ.